ಶಾಸಕರ ಪ್ರಶ್ನೆ ಯಾರ ಸರ್ವರಿನಲ್ಲಿ ಇರುತ್ತದೆ?

ಕೋಟೆಬೆಟ್ಟ, ಮಡಿಕೇರಿ
ಎಲ್ಲರಿಗೂ ನಮಸ್ಕಾರ. ರಾಜ್ಯಶಾಸ್ತ್ರ ಪಾಠ ಮಾಡಿಯೇ ತಲೆ ನರೆತ ನಿವೃತ್ತ ಉಪನ್ಯಾಸಕ ನಾನು. ಮೊನ್ನೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ತಮ್ಮನ ಮಗಳು ಕೇಳಿದ ಪ್ರಶ್ನೆಗೆ ಉತ್ತರ ಹೇಳಲಾಗದೆ ತಡವರಿಸಿದೆ. "ದೊಡ್ಡಪ್ಪ, ಸರ್ಕಾರವನ್ನು ಕೇಳಬೇಕಾದ ಪ್ರಶ್ನೆಯನ್ನು ಸರ್ಕಾರದ್ದೇ ಕಂಪ್ಯೂಟರಿನಲ್ಲಿ ಬರೆದು ಕಳುಹಿಸುವುದಾದರೆ, ಅದನ್ನು ಸ್ಪೀಕರ್‌ಗಿಂತ ಮೊದಲು ಓದುವವರು ಯಾರು?" ಎಂದು ಅವಳು ಕೇಳಿದಳು.

ನನಗೆ ತಕ್ಷಣ ನೆನಪಾದದ್ದು ವಿಠಲಭಾಯಿ ಪಟೇಲರು. 1925ರಲ್ಲಿ ಅವರು ಕೇಂದ್ರ ಶಾಸನಸಭೆಯ ಚುನಾಯಿತ ಅಧ್ಯಕ್ಷರಾದಾಗ ಸಭೆಯ ಕಚೇರಿ ಸರ್ಕಾರದ ಶಾಸನ ಇಲಾಖೆಯ ಒಂದು ಭಾಗವಾಗಿತ್ತು. ಸದಸ್ಯರ ಪ್ರಶ್ನೆಗಳನ್ನು ಪರಿಶೀಲಿಸುವ ಗುಮಾಸ್ತನ ಬಡ್ತಿಯೂ ವರ್ಗಾವಣೆಯೂ ಆ ಪ್ರಶ್ನೆಗೆ ಉತ್ತರಿಸಬೇಕಾದ ಸರ್ಕಾರದ ಕೈಯಲ್ಲೇ ಇದ್ದವು. ಪಟೇಲರು ಇದನ್ನು ಬಿಡದೆ ಹಿಡಿದುಕೊಂಡ ಫಲವಾಗಿ 1928ರಲ್ಲಿ ಮೋತಿಲಾಲ್ ನೆಹರೂ ಅವರ ನಿರ್ಣಯ ಅಂಗೀಕಾರವಾಯಿತು ಮತ್ತು 1929ರ ಜನವರಿ 10ರಂದು ಸಭೆಗೆ ತನ್ನದೇ ಪ್ರತ್ಯೇಕ ಇಲಾಖೆ ಬಂತು. ಇದನ್ನು ವರ್ಷವರ್ಷವೂ ಪಾಠ ಮಾಡಿದ್ದೇನೆ. ಆದರೆ ಆ ಗುಮಾಸ್ತನ ಜಾಗದಲ್ಲಿ ಈಗ ಒಂದು ಪೋರ್ಟಲ್ ಕುಳಿತಿದೆಯಲ್ಲ, ಅದರ ಯಜಮಾನ ಯಾರು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನಮ್ಮ ವಿಧಾನಸಭೆಯ ಜಾಲತಾಣದ ವಿಳಾಸವನ್ನು ನೋಡಿದರೆ ಅದರ ಬಾಲದಲ್ಲಿ ಎನ್‌ಐಸಿ ಎಂಬ ಹೆಸರಿದೆ. ಎನ್‌ಐಸಿ ಎಂದರೆ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್, ಸರ್ಕಾರದ ಕಂಪ್ಯೂಟರ್ ವ್ಯವಸ್ಥೆಗಳನ್ನು ನೋಡಿಕೊಳ್ಳಲು 1976ರಲ್ಲಿ ಹುಟ್ಟಿ, ಈಗ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಅಧೀನದಲ್ಲಿರುವ ಸಂಸ್ಥೆ. ಈ ವಿಷಯದಲ್ಲಿ ತಿಳಿದವರು ಏನು ಹೇಳುತ್ತೀರಿ?

ವಕೀಲೆ, ಗೋಣಿಕೊಪ್ಪಲು
ಸರ್, ಸಂವಿಧಾನದ 98ನೇ ವಿಧಿ ಸಂಸತ್ತಿನ ಎರಡೂ ಸದನಗಳಿಗೆ, 187ನೇ ವಿಧಿ ರಾಜ್ಯ ಶಾಸಕಾಂಗಕ್ಕೆ ಪ್ರತ್ಯೇಕ ಸಚಿವಾಲಯದ ಸಿಬ್ಬಂದಿಯನ್ನು ಕೊಡುತ್ತವೆ. ಇದು ನೀವು ಹೇಳಿದ 1929ರ ಗೆಲುವಿನ ಸಂವಿಧಾನ ರೂಪ. ಆದರೆ ಆ ವಿಧಿಗಳು ಹೇಳುವುದು "ಸಿಬ್ಬಂದಿ"ಯ ಬಗ್ಗೆ ಮಾತ್ರ. 1950ರಲ್ಲಿ ಗುಟ್ಟು ಉಳಿಯುತ್ತಿದ್ದದ್ದು ಗುಮಾಸ್ತನ ತಲೆಯಲ್ಲಿ ಮತ್ತು ಬೀರುವಿನಲ್ಲಿ. ಬೀರುವಿನ ಕೀಲಿ ಗುಮಾಸ್ತನ ಸೊಂಟದಲ್ಲಿ ಇರುತ್ತಿದ್ದುದರಿಂದ ಸಿಬ್ಬಂದಿಯನ್ನು ಬೇರ್ಪಡಿಸಿದರೆ ಸಾಕಾಗಿತ್ತು. ಈಗ ಸಿಬ್ಬಂದಿ ಸ್ಪೀಕರ್ ಅವರದು, ಬೀರು ಬೇರೆಯವರದು.

ಒಂದು ತಿದ್ದುಪಡಿ ಮಾತ್ರ ಹೇಳುತ್ತೇನೆ. ಇಲಾಖೆಯು ಪ್ರಶ್ನೆಯನ್ನು ಮೊದಲೇ ನೋಡುವುದೇ ಒಂದು ಅಪರಾಧವಲ್ಲ. ಲೋಕಸಭೆಯಲ್ಲಿ ಪ್ರಶ್ನೆಗೆ ಸಾಮಾನ್ಯವಾಗಿ 15 ಪೂರ್ಣ ದಿನಗಳ ಸೂಚನೆ ಕೊಡಬೇಕಾಗುವುದೇ ಇಲಾಖೆ ಉತ್ತರ ಸಿದ್ಧಪಡಿಸಲಿ ಎಂಬ ಕಾರಣಕ್ಕೆ. ಸಮಸ್ಯೆ ಇರುವುದು ಸ್ಪೀಕರ್ ಕಳುಹಿಸಿದ ಮೇಲೆ ಇಲಾಖೆ ನೋಡುವುದಕ್ಕೂ, ಸದಸ್ಯರು ಬೆರಳಚ್ಚು ಮಾಡುತ್ತಿರುವಾಗಲೇ ಯಾರೋ ನೋಡಬಲ್ಲರು ಎಂಬುದಕ್ಕೂ ಇರುವ ವ್ಯತ್ಯಾಸದಲ್ಲಿ.

ಬೆಳೆಗಾರ, ಸುಂಟಿಕೊಪ್ಪ
ಮೇಷ್ಟ್ರೇ, ವಕೀಲ ಮೇಡಂ, ಇಬ್ಬರೂ ಕ್ಷಮಿಸಬೇಕು. ಕುದುರೆಯೇ ಇಲ್ಲದ ಲಾಯಕ್ಕೆ ಬೀಗ ಯಾವ ಕಂಪನಿಯದು ಎಂದು ನೀವು ಚರ್ಚಿಸುತ್ತಿದ್ದೀರಿ. ಶಾಸಕರನ್ನು ಸರ್ಕಾರ ಕಟ್ಟಿಹಾಕಿರುವುದು ಸರ್ವರಿನಿಂದಲ್ಲ, ಅನುದಾನದಿಂದ. ನಮ್ಮೂರ ರಸ್ತೆ ಪ್ರತಿ ಮಳೆಗಾಲದಲ್ಲಿ ಕುಸಿಯುತ್ತದೆ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಎಂದು ಕೈಗೆ ಬರುವುದು ವರ್ಷಕ್ಕೆ 2 ಕೋಟಿ ರೂಪಾಯಿ. ಬೆಟ್ಟದ ಒಂದೇ ಒಂದು ತಡೆಗೋಡೆಗೆ ಅದು ಸಾಕಾಗುವುದಿಲ್ಲ. ಉಳಿದದ್ದಕ್ಕೆ ಮುಖ್ಯಮಂತ್ರಿಗಳ ಮನೆಯ ಬಾಗಿಲಿನಲ್ಲಿ ಮನವಿ ಹಿಡಿದು ನಿಲ್ಲಬೇಕು. ಬೆಳಿಗ್ಗೆ ಹಾಗೆ ನಿಂತವರು ಮಧ್ಯಾಹ್ನ ಸದನದಲ್ಲಿ ಎದ್ದು ನಿಂತು ಅದೇ ಮುಖ್ಯಮಂತ್ರಿಯನ್ನು ಖಡಕ್ಕಾಗಿ ಪ್ರಶ್ನಿಸುತ್ತಾರೆ ಎಂದು ನಿಮಗೆ ಅನ್ನಿಸುತ್ತದೆಯೇ?

ಇನ್ನು ಆಡಳಿತ ಪಕ್ಷದವರ ವಿಷಯ. 91ನೇ ತಿದ್ದುಪಡಿಯ ಪ್ರಕಾರ 224 ಸದಸ್ಯರ ನಮ್ಮ ಸಭೆಯಿಂದ ಮುಖ್ಯಮಂತ್ರಿಯೂ ಸೇರಿ 34 ಮಂತ್ರಿಗಳಷ್ಟೇ ಆಗಬಹುದು. ಉಳಿದವರಿಗೆ ನಿಗಮ, ಮಂಡಳಿ, ಸಂಪುಟ ದರ್ಜೆ, ಕಾರು. ಅದೂ ಸಿಗದವರಿಗೆ ಮುಂದಿನ ಪುನರ್‌ರಚನೆಯ ಆಸೆ. ಇಷ್ಟರ ಮೇಲೆ 1985ರ ಪಕ್ಷಾಂತರ ನಿಷೇಧ ಕಾಯ್ದೆಯ ವಿಪ್ (ಪಕ್ಷ ಹೇಳಿದಂತೆ ಮತ ಹಾಕಬೇಕೆಂಬ ಆದೇಶ) ಬೇರೆ. ಇಂಥ ಸದನದ ಪ್ರಶ್ನೆಗಳನ್ನು ಕದ್ದು ಓದಲು ಯಾವ ಸರ್ಕಾರಕ್ಕೆ ಪುರಸೊತ್ತಿದೆ?

ತಡಿಯಂಡಮೋಳ್, ಕಕ್ಕಬ್ಬೆ
ಕಕ್ಕಡದಲ್ಲಿ (ಕೊಡಗಿನ ಜಡಿಮಳೆಯ ತಿಂಗಳು) ಮುಂಗಾರು ಅಧಿವೇಶನ ನಡೆಯುತ್ತದೆ, ಆಗ ನಮ್ಮಲ್ಲಿ ವಾರಗಟ್ಟಲೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಆದ್ದರಿಂದ ನಮ್ಮೂರಿನ ಮಟ್ಟಿಗೆ ಡಿಜಿಟಲ್ ಯುಗದ ಸಂಸತ್ತು ರೇಡಿಯೋ ವಾರ್ತೆಯಲ್ಲೇ ಇದೆ.

ಮಾಜಿ ಸದಸ್ಯ, ಸೋಮವಾರಪೇಟೆ ತಾಲ್ಲೂಕು
ಸುಂಟಿಕೊಪ್ಪದ ಅಣ್ಣ ಹೇಳಿದ್ದು ಅರ್ಧ ಸತ್ಯ. ಬೀಗಕ್ಕೆ ಬೆಲೆಯಿಲ್ಲ ಎನ್ನುವವರು ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯರಾಗಿ ನೋಡಬೇಕು. ನಾನು ಆಗಿದ್ದೆ. ಮೊದಲು ಠರಾವು ಪುಸ್ತಕ ಮೇಜಿನ ಮೇಲಿರುತ್ತಿತ್ತು. ಯಾವ ಸದಸ್ಯ ಬೇಕಾದರೂ ಹಿಂದಿನ ಸಭೆಯ ಪುಟ ತೆರೆದು, ನಾನು ಹೇಳಿದ್ದು ಬರೆದಿಲ್ಲ ಎಂದು ಜಗಳ ತೆಗೆಯಬಹುದಾಗಿತ್ತು. ಆಮೇಲೆ ಒಂದೊಂದಾಗಿ ಎಲ್ಲವೂ ತಂತ್ರಾಂಶಕ್ಕೆ ಹೋಯಿತು. ಗ್ರಾಮದ ಆಸ್ತಿ ದಾಖಲೆಯ ತಂತ್ರಾಂಶವಾದ ಇ-ಸ್ವತ್ತಿನಲ್ಲಿ ನಮೂನೆ 9, ನಮೂನೆ 11 ಎಲ್ಲವೂ ಅಧಿಕಾರಿಗಳ ಲಾಗಿನ್‌ನಲ್ಲಿ. ಚುನಾಯಿತ ಸದಸ್ಯನಾದ ನನಗೆ ಯಾವ ಅರ್ಜಿ ಎಲ್ಲಿ ನಿಂತಿದೆ ಎಂದು ನೋಡಬೇಕಾದರೂ "ಸರ್ವರ್ ಡೌನ್ ಇದೆ, ನಾಳೆ ಬನ್ನಿ" ಎಂಬ ಉತ್ತರ ಸಿಗುತ್ತಿತ್ತು. ಆ ಅಧಿಕಾರಿ ಕೆಟ್ಟವರಾಗಿರಲಿಲ್ಲ, ಲಂಚ ಕೇಳಿದವರೂ ಅಲ್ಲ. ಆದರೂ ಐದು ವರ್ಷ ಮುಗಿಯುವಷ್ಟರಲ್ಲಿ ನಾವು ಪ್ರಶ್ನೆ ಕೇಳುವುದನ್ನೇ ಬಿಟ್ಟೆವು. ನಮ್ಮನ್ನು ಯಾರೂ ಬಾಯಿ ಮುಚ್ಚಿಸಲಿಲ್ಲ. ಕಡತ ನೋಡದೆ ಏನನ್ನು ಕೇಳುವುದು?

ಬೆಳೆಗಾರ, ಸುಂಟಿಕೊಪ್ಪ
ಇದಕ್ಕೆ ನನ್ನ ಬಳಿ ಉತ್ತರವಿಲ್ಲ, ಒಪ್ಪಿದೆ. ಆದರೆ ಪಂಚಾಯಿತಿ ಬೇರೆ, ಸಂಸತ್ತು ಬೇರೆ.

ಹಾರಂಗಿ, ಕುಶಾಲನಗರ (ಈಗ ಬೆಂಗಳೂರು)
ಇಂಥ ವ್ಯವಸ್ಥೆಗಳನ್ನು ಕಟ್ಟುವುದೇ ನನ್ನ ಕೆಲಸವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸರ್ವರ್ ಯಾರ ಕಟ್ಟಡದಲ್ಲಿದೆ ಎಂಬುದು ಅಷ್ಟು ದೊಡ್ಡ ವಿಷಯವಲ್ಲ. ಬಾಡಿಗೆ ಮನೆಯಲ್ಲೂ ಗುಟ್ಟಾಗಿ ಸಂಸಾರ ಮಾಡಬಹುದು. ಕೇಳಬೇಕಾದದ್ದು ಬೇರೆ: ಆಡಳಿತಗಾರನ ಪಾಸ್‌ವರ್ಡ್ ಯಾರ ಕೈಯಲ್ಲಿದೆ, ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸಿದ್ದರೆ ಅದನ್ನು ಬಿಡಿಸುವ ಕೀಲಿ ಯಾರದು, ಮತ್ತು ಯಾರು ಎಷ್ಟು ಹೊತ್ತಿಗೆ ಎಲ್ಲಿಂದ ಲಾಗಿನ್ ಆದರು ಎಂಬ ದಾಖಲೆ ಯಾರ ಅಪ್ಪಣೆಯಿಂದ ಹೊರಗೆ ಬರುತ್ತದೆ. ಈ ಮೂರನೆಯದನ್ನು ನಮ್ಮಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಸಂಸದರೊಬ್ಬರು ಯಾವ ಹಳೆಯ ಉತ್ತರಗಳನ್ನು ಹುಡುಕುತ್ತಿದ್ದಾರೆ, ಯಾವ ಕರಡನ್ನು ಮೂರು ಬಾರಿ ತಿದ್ದಿ ಕೊನೆಗೆ ಅಳಿಸಿದರು ಎಂಬುದು ಗೊತ್ತಾದರೆ, ಮುಂದಿನ ತಿಂಗಳು ಅವರು ಸಚಿವರನ್ನು ಯಾವ ಕಡೆಯಿಂದ ಹಿಡಿಯಲಿದ್ದಾರೆ ಎಂಬುದು ಪ್ರಶ್ನೆ ಓದದೆಯೇ ಗೊತ್ತಾಗುತ್ತದೆ.

ತೃಣಮೂಲ ಕಾಂಗ್ರೆಸ್ ಸಂಸದೆ ಮಹುವಾ ಮೊಯಿತ್ರಾ ತಮ್ಮ ಸಂಸತ್ ಲಾಗಿನ್ ಅನ್ನು ಉದ್ಯಮಿಯೊಬ್ಬರಿಗೆ ಕೊಟ್ಟಿದ್ದ 2023ರ ಪ್ರಕರಣವನ್ನು ಎಲ್ಲರೂ ಕಾಸಿಗಾಗಿ ಪ್ರಶ್ನೆ ಎಂದು ನೋಡಿದರು. ನನಗೆ ಕಂಡದ್ದು ಇನ್ನೊಂದು ಮುಖ. ಅವರ ಸಂಸತ್ ಖಾತೆಗೆ ವಿದೇಶದಿಂದ ಲಾಗಿನ್ ಆಗಿತ್ತು ಎಂಬ ವಿವರವನ್ನು ಲೋಕಸಭೆಯ ನೀತಿ ಸಮಿತಿಯು (ಎಥಿಕ್ಸ್ ಕಮಿಟಿ) ಪಡೆದದ್ದು ಸರ್ಕಾರದ ಸಚಿವಾಲಯದಿಂದ. ಲೋಕಸಭೆಯದೇ ಪೋರ್ಟಲ್ಲಿನ ದಾಖಲೆಗಾಗಿ ಲೋಕಸಭೆಯ ಸಮಿತಿ ಕಾರ್ಯಾಂಗದ ಬಾಗಿಲು ತಟ್ಟಬೇಕಾಯಿತು ಎಂದಾದರೆ, ಆ ದಾಖಲೆ ಉಳಿದ ದಿನಗಳಲ್ಲಿ ಯಾರ ಮೇಜಿನ ಮೇಲಿರುತ್ತದೆ?

ಹಾಗೆಂದು ಎನ್‌ಐಸಿಯವರನ್ನು ಖಳನಾಯಕರನ್ನಾಗಿ ಮಾಡಬೇಡಿ. ಕಡಿಮೆ ಸಂಬಳದಲ್ಲಿ ದೇಶದ ಅರ್ಧ ಸರ್ಕಾರವನ್ನು ಅವರು ನಡೆಸುತ್ತಿದ್ದಾರೆ.

ಹುತ್ತರಿ, ವಿರಾಜಪೇಟೆ
ಲಾಗಿನ್ ಬೇರೆಯವರಿಗೆ ಕೊಟ್ಟದ್ದು ತಪ್ಪು. ಅದನ್ನು ಮುಚ್ಚಿಹಾಕಲು ಇಷ್ಟು ದೊಡ್ಡ ಸಿದ್ಧಾಂತ ಬೇಕೇ?

ಹಾರಂಗಿ, ಕುಶಾಲನಗರ (ಈಗ ಬೆಂಗಳೂರು)
ತಪ್ಪೋ ಅಲ್ಲವೋ ಎಂದು ನಾನು ಹೇಳಿಲ್ಲ. ಸದನ ಅವರನ್ನು 2023ರ ಡಿಸೆಂಬರ್ 8ರಂದು ಉಚ್ಚಾಟಿಸಿತು, ಮತದಾರರು 2024ರಲ್ಲಿ ಮತ್ತೆ ಗೆಲ್ಲಿಸಿದರು. ಆ ತೀರ್ಮಾನಗಳು ಅವರವರಿಗೆ ಸೇರಿದವು. ನಾಳೆ ನಿಮ್ಮ ಪಕ್ಷ ವಿರೋಧದಲ್ಲಿ ಕುಳಿತಾಗ ಇದೇ ದಾಖಲೆ ಬೇರೆಯವರ ಕೈಯಲ್ಲಿರುತ್ತದೆ ಎಂದಷ್ಟೇ ನಾನು ಹೇಳುತ್ತಿರುವುದು.

ವಕೀಲೆ, ಗೋಣಿಕೊಪ್ಪಲು
ಇದಕ್ಕೆ ಪೂರಕವಾಗಿ ಎರಡು ವಿಷಯ. ಫೋನಿನೊಳಗೆ ನುಗ್ಗಿ ಕದ್ದು ನೋಡುವ ಪೆಗಾಸಸ್ ಎಂಬ ಕುತಂತ್ರಾಂಶದ ಸುದ್ದಿ ಬಂದಾಗ, 2021ರ ಜುಲೈ 28ರಂದು ಸಂಸತ್ತಿನ ಮಾಹಿತಿ ತಂತ್ರಜ್ಞಾನದ ಸ್ಥಾಯಿ ಸಮಿತಿ ಸಭೆ ಸೇರಿತ್ತು. ಕರೆದಿದ್ದ ಅಧಿಕಾರಿಗಳು ಬರಲಿಲ್ಲ. ಆಡಳಿತ ಪಕ್ಷದ ಸದಸ್ಯರು ಬಂದಿದ್ದರೂ ಹಾಜರಿ ಪುಸ್ತಕಕ್ಕೆ ಸಹಿ ಹಾಕದೆ ಉಳಿದರು, ಕೋರಂ ಇಲ್ಲದೆ ಸಭೆ ಮುರಿಯಿತು. ಆಮೇಲೆ ಸುಪ್ರೀಂ ಕೋರ್ಟ್ ನೇಮಿಸಿದ ತಾಂತ್ರಿಕ ಸಮಿತಿಯು 29 ಫೋನುಗಳನ್ನು ಪರೀಕ್ಷಿಸಿ 5ರಲ್ಲಿ ಕುತಂತ್ರಾಂಶ ಕಂಡಿತು, ಆದರೆ ಅದು ಪೆಗಾಸಸ್ ಎಂದು ಖಚಿತವಾಗಲಿಲ್ಲ; ಸರ್ಕಾರ ಸಹಕರಿಸಲಿಲ್ಲ ಎಂಬುದನ್ನೂ ನ್ಯಾಯಾಲಯ 2022ರ ಆಗಸ್ಟ್‌ನಲ್ಲಿ ಹೇಳಿತು. ಬೆಳೆಗಾರರೇ, ಇಲ್ಲಿ ನೋಡಿ: ಆ ದಿನ ಸಮಿತಿಯನ್ನು ಸೋಲಿಸಿದ್ದು ಯಂತ್ರವಲ್ಲ, ಹಾಕದೆ ಬಿಟ್ಟ ಸಹಿ. ನಿಮ್ಮ ವಾದಕ್ಕೆ ನನ್ನಿಂದ ಸಿಕ್ಕ ಬಲ ಇದು, ಇಟ್ಟುಕೊಳ್ಳಿ.

ಬ್ರಹ್ಮಗಿರಿ, ಪೊನ್ನಂಪೇಟೆ
ನಮ್ಮ ಕ್ಷೇತ್ರವನ್ನೇ ಮರೆತು ದೆಹಲಿ ಸುತ್ತುತ್ತಿದ್ದೀರಿ. 2023ರ ಡಿಸೆಂಬರ್ 13ರಂದು ಲೋಕಸಭೆಯ ಗ್ಯಾಲರಿಯಿಂದ ಇಬ್ಬರು ಜಿಗಿದರಲ್ಲ, ಅವರಿಗೆ ಪಾಸು ಸಿಕ್ಕಿದ್ದು ಆಗಿನ ಮೈಸೂರು–ಕೊಡಗು ಸಂಸದರ ಕಚೇರಿಯ ಮೂಲಕ. ಅಂದು ಇಲ್ಲಿನ ಪ್ರತಿ ಅಂಗಡಿಯ ಮುಂದೆ ಅದೇ ಮಾತು. ಆಮೇಲೆ ಏನಾಯಿತು ಎಂಬುದು ಮಾತ್ರ ಯಾರಿಗೂ ನೆನಪಿಲ್ಲ. ಗೃಹ ಸಚಿವರು ಸದನದಲ್ಲಿ ಹೇಳಿಕೆ ಕೊಡಲಿ ಎಂದು ವಿರೋಧ ಪಕ್ಷದವರು ಪಟ್ಟು ಹಿಡಿದರು, ಎರಡೂ ಸದನಗಳಿಂದ ಒಟ್ಟು 146 ಜನ ಅಮಾನತಾದರು, ಅಮಾನತಾದವರ ಪ್ರಶ್ನೆಗಳನ್ನೂ ಪಟ್ಟಿಯಿಂದ ತೆಗೆದುಹಾಕಲಾಯಿತು. ಹಾಗೆ ಅರ್ಧ ಖಾಲಿಯಾದ ಸದನದಲ್ಲಿ ಡಿಸೆಂಬರ್ 20 ಮತ್ತು 21ರಂದು ಅಂಗೀಕಾರವಾದದ್ದು ದೂರಸಂಪರ್ಕ ಮಸೂದೆ. ಯಾವ ಸಂದರ್ಭದಲ್ಲಿ ಸಂದೇಶಗಳನ್ನು ತಡೆದು ನೋಡಬಹುದು, ಯಾವಾಗ ಸೇವೆಯನ್ನೇ ನಿಲ್ಲಿಸಬಹುದು ಎಂಬ ಅಧಿಕಾರಗಳು ಇರುವ ಮಸೂದೆ ಅದು. ಕಾರ್ಯಾಂಗಕ್ಕೆ ಅಷ್ಟು ದೊಡ್ಡ ಡಿಜಿಟಲ್ ಕೈ ಕೊಡುವಾಗ ಪ್ರಶ್ನೆ ಕೇಳಬೇಕಾದವರು ಮೆಟ್ಟಿಲ ಮೇಲೆ ಕುಳಿತಿದ್ದರು.

ಹುತ್ತರಿ, ವಿರಾಜಪೇಟೆ
ಫಲಕ ಹಿಡಿದು ಸದನದ ಬಾವಿಗಿಳಿದು (ಸ್ಪೀಕರ್ ಪೀಠದ ಮುಂದಿನ ಜಾಗ) ಗಲಾಟೆ ಮಾಡಿದವರನ್ನು ಇನ್ನೇನು ಮಾಡಬೇಕಿತ್ತು, ಆರತಿ ಎತ್ತಬೇಕಿತ್ತೇ?

ಬ್ರಹ್ಮಗಿರಿ, ಪೊನ್ನಂಪೇಟೆ
ಗಲಾಟೆಗೆ ಶಿಕ್ಷೆ ಕೊಡಲಿ. ಬರೆದು ಕೊಟ್ಟ ಪ್ರಶ್ನೆ ಏನು ಗಲಾಟೆ ಮಾಡಿತ್ತು?

ವಕೀಲೆ, ಗೋಣಿಕೊಪ್ಪಲು
ಅದೇ ವರ್ಷ ಆಗಸ್ಟ್‌ನಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಮಸೂದೆಯೂ ಲೋಕಸಭೆಯಲ್ಲಿ ಧ್ವನಿಮತದಿಂದಲೇ ಅಂಗೀಕಾರವಾಯಿತು. ಅದರ 44ನೇ ಕಲಮು ಮಾಹಿತಿ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ 8(1)(ಜೆ) ಅನ್ನು ಬದಲಾಯಿಸುತ್ತದೆ ಎಂಬುದು ಎಷ್ಟು ಸದಸ್ಯರಿಗೆ ಗೊತ್ತಿತ್ತೋ! 15ನೇ ಲೋಕಸಭೆಯಲ್ಲಿ ಶೇಕಡಾ 71ರಷ್ಟು ಮಸೂದೆಗಳು ಸಮಿತಿಗೆ ಹೋಗಿದ್ದವು, 17ನೇ ಲೋಕಸಭೆಯಲ್ಲಿ ಶೇಕಡಾ 16 ಮಾತ್ರ. ಆ 17ನೇ ಲೋಕಸಭೆ ಐದು ವರ್ಷವೂ ಉಪಸಭಾಧ್ಯಕ್ಷರಿಲ್ಲದೆ ನಡೆಯಿತು ಎಂಬುದನ್ನೂ ಸೇರಿಸಿಕೊಳ್ಳಿ.

ಇಗ್ಗುತಪ್ಪ ನಾಡು, ನಾಪೋಕ್ಲು
ಸದನ, ಸದನ ಎನ್ನುತ್ತಿದ್ದೀರಿ, ಸದನವೆಂದರೆ ಕೊನೆಗೆ ಸ್ಪೀಕರ್ ತಾನೇ? ನಮ್ಮ ವಿರಾಜಪೇಟೆಯ ಕೆ. ಜಿ. ಬೋಪಯ್ಯನವರು ಸ್ಪೀಕರ್ ಆಗಿದ್ದಾಗ, 2010ರ ಅಕ್ಟೋಬರ್‌ನಲ್ಲಿ ವಿಶ್ವಾಸಮತಕ್ಕೆ ಮುನ್ನ 11 ಬಿಜೆಪಿ ಶಾಸಕರನ್ನೂ 5 ಪಕ್ಷೇತರರನ್ನೂ ಅನರ್ಹಗೊಳಿಸಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಮ್ಮ ಜಿಲ್ಲೆಯವರು ಆ ಪೀಠದಲ್ಲಿ ಕುಳಿತರೆಂಬ ಹೆಮ್ಮೆ ನನಗೂ ಇತ್ತು, ತೀರ್ಪು ಓದಿ ಮುಜುಗರವೂ ಆಯಿತು. ಈಗ ಸರ್ವರಿನ ಕೀಲಿಯನ್ನು ಎನ್‌ಐಸಿಯಿಂದ ಕಿತ್ತು ಸ್ಪೀಕರ್ ಕೈಗೆ ಕೊಡಬೇಕು ಎಂಬುದೇ ನಿಮ್ಮ ಮಾತಿನ ಅರ್ಥವಾದರೆ, ಸ್ಪೀಕರ್ ಗೆದ್ದುಬಂದದ್ದು ಯಾವ ಪಕ್ಷದ ಟಿಕೆಟ್ಟಿನಲ್ಲಿ?

ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. 2018ರ ಮೇ 19ರಂದು ಅವರೇ ಹಂಗಾಮಿ ಸ್ಪೀಕರ್. ನೇಮಕವನ್ನು ಪ್ರಶ್ನಿಸಿದವರಿಗೆ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಡಲಿಲ್ಲ. ಬದಲಿಗೆ ವಿಶ್ವಾಸಮತದ ಕಲಾಪ ನೇರ ಪ್ರಸಾರವಾಗಬೇಕು ಎಂದಿತು. ಅಂದು ಸಂಜೆ ಇಡೀ ನಾಪೋಕ್ಲು ಟಿವಿ ಮುಂದೆ ಕುಳಿತಿತ್ತು. ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪನವರು ರಾಜೀನಾಮೆ ಘೋಷಿಸಿದರು. ಆ ದಿನ ಪೀಠದಲ್ಲಿ ಯಾರಿದ್ದರೂ ವ್ಯತ್ಯಾಸವಾಗುತ್ತಿರಲಿಲ್ಲ, ಏಕೆಂದರೆ ಕ್ಯಾಮೆರಾ ಇತ್ತು.

ಏಲಕ್ಕಿಮಲೆ, ಅಮ್ಮತ್ತಿ
ಕ್ಯಾಮೆರಾ ಇದ್ದರೆ ಸಾಲದು, ಅದನ್ನು ಯಾವ ಕಡೆಗೆ ತಿರುಗಿಸುತ್ತಾರೆ ಎಂಬುದೂ ಮುಖ್ಯ. 2019ರ ಅಕ್ಟೋಬರ್‌ನಲ್ಲಿ ನಮ್ಮ ವಿಧಾನಸಭೆಯಿಂದ ಖಾಸಗಿ ವಾಹಿನಿಗಳ ಕ್ಯಾಮೆರಾ ಹೊರಬಿತ್ತು, ಅಧಿಕೃತ ದೃಶ್ಯ ಮಾತ್ರ ಉಳಿಯಿತು. ದೆಹಲಿಯಲ್ಲಿ ಲೋಕಸಭಾ ಟಿವಿ, ರಾಜ್ಯಸಭಾ ಟಿವಿ ಎರಡನ್ನೂ ಸೇರಿಸಿ 2021ರಲ್ಲಿ ಸಂಸದ್ ಟಿವಿ ಮಾಡಿದರು. ಅದು ಸಂಸತ್ತಿನದೇ ವಾಹಿನಿ, ಒಪ್ಪುತ್ತೇನೆ. ಆದರೂ ವಿರೋಧ ಪಕ್ಷದವರು ಎದ್ದು ಕೂಗುವಾಗ ಪರದೆಯ ಮೇಲೆ ಸ್ಪೀಕರ್ ಮುಖವನ್ನೇ ನೋಡುತ್ತಾ ಕುಳಿತಿರಬೇಕು. ಹಾಗಾಗಿ ಸದನ ತನ್ನದೇ ಆಸ್ತಿ ಮಾಡಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ.

ಮಗಳು, ಲಂಡನ್ (ಊರು ಮೂರ್ನಾಡು)
ಇಲ್ಲಿನ ಸಂಸತ್ತಿಗೆ ತನ್ನದೇ ಡಿಜಿಟಲ್ ಸೇವಾ ವಿಭಾಗವಿದೆ, ಅದು ಸರ್ಕಾರದ ಇಲಾಖೆಯಲ್ಲ. ಹಾಗೆಂದು ಇದು ಸ್ವರ್ಗವೂ ಅಲ್ಲ: 2017ರ ಜೂನ್‌ನಲ್ಲಿ ಸೈಬರ್ ದಾಳಿ ನಡೆದು ಸುಮಾರು 90 ಇಮೇಲ್ ಖಾತೆಗಳು ಬಯಲಾದವು, ಸರಳವಾದ ಪಾಸ್‌ವರ್ಡ್ ಇಟ್ಟದ್ದೇ ಕಾರಣ. ಸಂಸದರ ಫೋನ್ ಕದ್ದಾಲಿಸುವುದಿಲ್ಲ ಎಂದು 1966ರಲ್ಲಿ ಪ್ರಧಾನಿ ಹೆರಾಲ್ಡ್ ವಿಲ್ಸನ್ ಮಾತು ಕೊಟ್ಟಿದ್ದರು. ಅರ್ಧ ಶತಮಾನ ಎಲ್ಲರೂ ನಂಬಿದ್ದರು. 2015ರಲ್ಲಿ ಇಲ್ಲಿನ ನ್ಯಾಯಮಂಡಳಿ ಆ ಮಾತಿಗೆ ಕಾನೂನಿನ ಬಲವೇ ಇಲ್ಲ ಎಂದಿತು. ಬಾಯಿಮಾತಿನ ಭರವಸೆ ಎಲ್ಲ ದೇಶದಲ್ಲೂ ಒಂದೇ ತೂಕ.

ಕುಂದಬೆಟ್ಟ, ಮಡಿಕೇರಿ ತಾಲ್ಲೂಕು
ನಾನು ಎಂಬತ್ತು ದಾಟಿದವನು, ಮೊಮ್ಮಗ ಬೆರಳಚ್ಚು ಮಾಡುತ್ತಿದ್ದಾನೆ. 1952ರಿಂದ 1956ರವರೆಗೆ ಕೊಡಗಿಗೆ ತನ್ನದೇ ವಿಧಾನಸಭೆ ಇತ್ತು ಎಂಬುದನ್ನು ಯಾರೂ ಹೇಳಲಿಲ್ಲವಲ್ಲ. ಸದಸ್ಯರು 24 ಜನ: ಕಾಂಗ್ರೆಸ್ 15, ತಕ್ಕಡಿ ಪಕ್ಷ ಎಂದು ಕರೆಸಿಕೊಂಡ ಪಕ್ಷೇತರರು 9. ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿ. 'ಸಿ' ದರ್ಜೆಯ ರಾಜ್ಯವಾದ್ದರಿಂದ ಮೇಲೆ ಚೀಫ್ ಕಮಿಷನರ್, ಅವರ ಮೇಲೆ ದೆಹಲಿ. ಸ್ವಾತಂತ್ರ್ಯ ಅಷ್ಟಕ್ಕಷ್ಟೇ. ಆದರೂ ಒಂದು ಲೆಕ್ಕ ಹೇಳುತ್ತೇನೆ. 9 ಜನ ಎದ್ದು ನಿಂತರೆ ಮೂರರಲ್ಲಿ ಒಂದಂಶಕ್ಕಿಂತ ಹೆಚ್ಚು ಸದನ ಎದ್ದು ನಿಂತ ಹಾಗೆ. ಈಗ ಜಿಲ್ಲೆಗೆ ಇರುವುದು 224ರಲ್ಲಿ 2 ಸ್ಥಾನ. ಸೋಮವಾರಪೇಟೆಯ ಸ್ಥಾನವೂ ಕ್ಷೇತ್ರ ಮರುವಿಂಗಡಣೆಯಲ್ಲಿ ಹೋಯಿತು. ಇಬ್ಬರು ಕೇಳುವ ನಾಲ್ಕು ಪ್ರಶ್ನೆಗಳಲ್ಲಿ ಒಂದು ಕಳೆದುಹೋದರೂ ನಮಗೆ ಅದು ಕಾಲು ಭಾಗ.

ಬೆಳೆಗಾರ, ಸುಂಟಿಕೊಪ್ಪ
ಅಜ್ಜಯ್ಯ, ನಿಮ್ಮ ಕೊನೆಯ ವಾಕ್ಯಕ್ಕೆ ನನ್ನ ನಮಸ್ಕಾರ. ಅನುದಾನದ ವಾದವನ್ನು ಬಿಟ್ಟುಕೊಡುವುದಿಲ್ಲ, ಆದರೆ ಬೀಗದ ವಿಷಯದಲ್ಲಿ ಮೆತ್ತಗಾಗಿದ್ದೇನೆ.

ಕೋಟೆಬೆಟ್ಟ, ಮಡಿಕೇರಿ
ಎಲ್ಲವನ್ನೂ ಓದಿದೆ, ತಮ್ಮನ ಮಗಳಿಗೂ ಓದಿ ಹೇಳಿದೆ. "ಅದೆಲ್ಲ ಸರಿ, ನಮ್ಮ ವಿಧಾನಸಭೆಯಲ್ಲಿ ಹೇಗಿದೆ ಎಂದು ಯಾರೂ ಹೇಳಲಿಲ್ಲ" ಎಂದಳು. ಊಹಿಸುವುದಕ್ಕಿಂತ ಕೇಳಿಬಿಡೋಣ ಎಂದು ವಿಧಾನಸಭೆ ಸಚಿವಾಲಯಕ್ಕೆ ಮಾಹಿತಿ ಹಕ್ಕಿನ ಅರ್ಜಿ ಬರೆಯುತ್ತಿದ್ದೇನೆ. ಸದಸ್ಯರ ಪ್ರಶ್ನೆಗಳನ್ನು ಯಾವ ಸಂಸ್ಥೆಯ ಸರ್ವರಿನಲ್ಲಿ ಇಡಲಾಗುತ್ತದೆ, ಆಡಳಿತಗಾರನ ಅಧಿಕಾರ ಯಾರಿಗಿದೆ, ಲಾಗಿನ್ ದಾಖಲೆಗಳನ್ನು ಎಷ್ಟು ಕಾಲ ಉಳಿಸುತ್ತಾರೆ, ಅವನ್ನು ಹೊರಗಿನವರಿಗೆ ಕೊಡಲು ಯಾರ ಅನುಮತಿ ಬೇಕು ಎಂದು ಕೇಳಿದ್ದೇನೆ. ಮೇಷ್ಟ್ರ ಬರವಣಿಗೆ, ಎರಡು ಪುಟ ಆಗಿದೆ.

ಮಾಜಿ ಸದಸ್ಯ, ಸೋಮವಾರಪೇಟೆ ತಾಲ್ಲೂಕು
ಎರಡು ಪುಟ ಕಳುಹಿಸಬೇಡಿ ಸರ್, ವಾಪಸ್ ಬರುತ್ತದೆ. ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅನುಭವದಿಂದ ಹೇಳುತ್ತಿದ್ದೇನೆ.

ವಕೀಲೆ, ಗೋಣಿಕೊಪ್ಪಲು
ಆ ನಿಯಮ ರಾಜ್ಯ ಸರ್ಕಾರ ಮಾಡಿದ್ದು. ಮಾಹಿತಿ ಹಕ್ಕು ಕಾಯ್ದೆಯ 2(ಇ) ಕಲಮಿನ ಪ್ರಕಾರ ವಿಧಾನಸಭೆಗೆ ಸಕ್ಷಮ ಪ್ರಾಧಿಕಾರ ಸ್ಪೀಕರ್. 28ನೇ ಕಲಮು ಅವರಿಗೇ ಪ್ರತ್ಯೇಕ ನಿಯಮ ಮಾಡುವ ಅಧಿಕಾರ ಕೊಡುತ್ತದೆ. ಆದ್ದರಿಂದ ಸರ್, ಸರ್ಕಾರದ 150 ಪದದ ಮಿತಿ ಸದನಕ್ಕೂ ಅನ್ವಯಿಸುತ್ತದೆಯೇ ಎಂಬುದನ್ನೇ ಅರ್ಜಿಯ ಮೊದಲ ಪ್ರಶ್ನೆಯಾಗಿ ಸೇರಿಸಿ. ಅದಕ್ಕೆ ಅವರು ಕೊಡುವ ಉತ್ತರದಲ್ಲೇ ನಿಮಗೆ ಅರ್ಧ ವಿಷಯ ತಿಳಿಯುತ್ತದೆ. ಸದನದ ಹಕ್ಕುಚ್ಯುತಿಯಾಗುತ್ತದೆ ಎಂದು 8(1)(ಸಿ) ತೋರಿಸಿ ನಿರಾಕರಿಸಿದರೆ ಮೇಲ್ಮನವಿಯನ್ನು ನಾನು ಬರೆದುಕೊಡುತ್ತೇನೆ, ಶುಲ್ಕ ಬೇಡ.

ಕೋಟೆಬೆಟ್ಟ, ಮಡಿಕೇರಿ
ಸೇರಿಸಿದೆ. ಉಳಿದದ್ದನ್ನು ಹಿಂಡಿ ಹಿಂಡಿ 140 ಪದಕ್ಕೆ ಇಳಿಸಿದ್ದೇನೆ, ಎರಡಕ್ಕೂ ಇರಲಿ ಎಂದು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್‌ಗೆ ಹೋದರೆ ಅಂಚೆ ಕಚೇರಿಯಲ್ಲಿ ಕರೆಂಟಿಲ್ಲ, ಕಂಪ್ಯೂಟರ್ ತೆರೆಯುತ್ತಿಲ್ಲವಂತೆ. ನಾಳೆ ಬರಲು ಹೇಳಿದ್ದಾರೆ.